ನೈರೋಬಿ ಅವರ ಊರಲ್ಲ

ಆಗ ನಮ್ಮ ವಾರ್ಡನ್ನು ಎಲ್ಲರೂ ಕರೆಯುತ್ತಿದ್ದುದೇ ‘ಸಸ್ಪೆಕ್ಟ್ ವಾರ್ಡ್’ ಎಂದು. ಕೋವಿಡ್ ಇರಬಹುದೆಂಬ ಅನುಮಾನ ಇದ್ದವರನ್ನೆಲ್ಲ ತಂದು, ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಿದ್ದೆವು. ಮೂಗಿನ ಸ್ವಾಬ್ ಪಾಸಿಟಿವ್ ಬಂದರೆ ಮೇಲಿನ ಮಹಡಿಗೆ, ನೆಗೆಟಿವ್ ಬಂದರೆ ಕೆಳಗಿನ ಮಹಡಿಗೆ. ಅಲ್ಲಿಯವರೆಗೆ ಎಲ್ಲರೂ ಶಂಕಿತರೇ. ಈ ವಾರ್ಡು ನಿನಗೆ ಹೇಳಿ ಮಾಡಿಸಿದ ಹಾಗಿದೆ ಎಂದು ನನ್ನ ಗಂಡ ರೇಗಿಸುತ್ತಿದ್ದ. ಇರಲಿ, ನನ್ನ ಬುದ್ಧಿಯೇ ಹಾಗೆ. ಸಿಗರೇಟು ಬಿಟ್ಟುಬಿಟ್ಟೆ ಡಾಕ್ಟರ್ ಎಂದು ಯಾರಾದರೂ ಹೇಳಿದರೆ, ಯಾವಾಗ ಬಿಟ್ಟಿರಿ, ಈಗ ಆಸ್ಪತ್ರೆಯ ಗೇಟಿನ ಹತ್ತಿರವಾ ಎಂದು ಕೇಳಬೇಕೆನಿಸುತ್ತದೆ ನನಗೆ.

ಊರಿನ ಹೆಸರು ಬೇಡ. ಐರ್ಲೆಂಡಿನ ದಕ್ಷಿಣದಲ್ಲಿ, ಕಾರ್ಕ್‌ಗೆ ಕಾರಿನಲ್ಲಿ ಹೋಗಿ ಅದೇ ದಿನ ವಾಪಸು ಬರಬಹುದಾದಷ್ಟು ದೂರ ಎಂದರೆ ಸಾಕು. ಅಲ್ಲಿ ನಾನು ಮೆಡಿಕಲ್ ರಿಜಿಸ್ಟ್ರಾರ್. ಅಂದರೆ ವಾರ್ಡಿನ ಹಿರಿಯ ಡಾಕ್ಟರಾದ ಕನ್ಸಲ್ಟೆಂಟ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಎಲ್ಲರಿಂದಲೂ ಬೈಸಿಕೊಳ್ಳುವುದರಲ್ಲಿ ಒಂದು ಮೆಟ್ಟಿಲು ಮೇಲೆ.

ಕೋವಿಡ್ ಬರುವ ಮೊದಲು, ವಾರಕ್ಕೊಂದು ಮಧ್ಯಾಹ್ನ ಆಸ್ಪತ್ರೆಯ ಟ್ರಾವೆಲ್ ಕ್ಲಿನಿಕ್ಕನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಆಫ್ರಿಕಾಕ್ಕೋ ಏಷ್ಯಾಕ್ಕೋ ಪ್ರವಾಸ ಹೊರಟವರಿಗೆ ಲಸಿಕೆ, ಮಾತ್ರೆ, ಒಂದಿಷ್ಟು ಬುದ್ಧಿಮಾತು. ಒಂದೊಂದು ದೇಶಕ್ಕೆ ಒಂದೊಂದು ಹಾಳೆ ಬರೆದಿಟ್ಟಿದ್ದೆ. ಅದರಲ್ಲಿ ಕೀನ್ಯಾದ ಹಾಳೆಯ ಬಗ್ಗೆ ನನಗೆ ವಿಶೇಷ ಹೆಮ್ಮೆ. ಪೂರ್ವ ಆಫ್ರಿಕಾ, ನಡುವೆ ಹಾದುಹೋಗುವ ಸಮಭಾಜಕ ವೃತ್ತ, ಪೂರ್ವಕ್ಕೆ ಹಿಂದೂ ಮಹಾಸಾಗರ, ಪಶ್ಚಿಮಕ್ಕೆ ವಿಕ್ಟೋರಿಯಾ ಸರೋವರ, ಸ್ವಾಹಿಲಿ ಮತ್ತು ಇಂಗ್ಲಿಷ್ ಭಾಷೆ, ವರ್ಷಕ್ಕೆ ಎರಡು ಮಳೆಗಾಲ. ಕೆಳಗೊಂದು ನಕ್ಷೆ. ಮಲೇರಿಯಾ ಇರುವ ಜಾಗಕ್ಕೆ ಕೆಂಪು, ಇಲ್ಲವೆನ್ನುವಷ್ಟು ಕಡಿಮೆ ಇರುವ ಜಾಗಕ್ಕೆ ಹಸಿರು. ಮೊಂಬಾಸಾದ ಕರಾವಳಿ ಕೆಂಪು. ನೈರೋಬಿ ಹಸಿರು, ಏಕೆಂದರೆ ಅದು ನಮ್ಮ ನಂದಿಬೆಟ್ಟಕ್ಕಿಂತಲೂ ಎತ್ತರದಲ್ಲಿರುವ ನಗರ, ಅಲ್ಲಿನ ತಂಪಿಗೆ ಮಲೇರಿಯಾದ ಸೊಳ್ಳೆ ಹೆಚ್ಚಾಗಿ ಬದುಕುವುದಿಲ್ಲ. ಸರೋವರದ ದಂಡೆಯೂ ಕೆಂಪೇ. ಆದರೆ ಅಲ್ಲಿಗೆ ‘ಪ್ರವಾಸಿಗಳು ಹೋಗುವುದು ಕಡಿಮೆ’ ಎಂದು ಒಂದೇ ಸಾಲು ಬರೆದು ಮುಗಿಸಿದ್ದೆ. ವಿಮಾನಗಳು ನಿಂತವು, ಕ್ಲಿನಿಕ್ ಮುಚ್ಚಿತು. ಹಾಳೆಗಳನ್ನು ನಮ್ಮ ಕನ್ಸಲ್ಟೆಂಟ್ ತಮ್ಮ ಕೋಣೆಯ ಗೋಡೆಗೆ ಅಂಟಿಸಿಕೊಂಡರು. ಪ್ರಪಂಚ ಇನ್ನೂ ಇದೆ ಎಂದು ನೆನಪಿಟ್ಟುಕೊಳ್ಳಲು ಬೇಕು ಎಂದಿದ್ದರು.

ಎರಡನೇ ವರ್ಷದ ವಸಂತದಲ್ಲಿ, ಇನ್ನೂ ಲಾಕ್‌ಡೌನ್ ಇರುವಾಗಲೇ, ಆ ಬಸ್ ಡ್ರೈವರ್ ಬಂದರು. ನಲವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯ. ಹುಟ್ಟಿದ್ದು ಕೀನ್ಯಾದಲ್ಲಿ, ಬಹಳ ವರ್ಷಗಳಿಂದ ಇಲ್ಲೇ ವಾಸ, ಐರಿಷ್ ಪಾಸ್‌ಪೋರ್ಟು. ಕೆಲವು ದಿನಗಳಿಂದ ಜ್ವರ, ಮೈಕೈ ನೋವು, ವಾಂತಿ, ಸ್ವಲ್ಪ ಕೆಮ್ಮು. ಬಸ್ಸಿನಲ್ಲಿ ಯಾರ್ಯಾರೋ ಹತ್ತಿ ಇಳಿಯುತ್ತಾರೆ, ಇನ್ನೇನಿರುತ್ತೆ ಎಂದು ಎಮರ್ಜೆನ್ಸಿಯವರು ನೇರ ನಮ್ಮ ವಾರ್ಡಿಗೆ ತಳ್ಳಿದ್ದರು.

ಆಗ ಬಂದವರನ್ನೆಲ್ಲ ಕೇಳಲೇಬೇಕಾದ ಒಂದು ಪ್ರಶ್ನೆಯಿತ್ತು. ಕೇಳಿದೆ.

“ಕಳೆದ ಹದಿನಾಲ್ಕು ದಿನಗಳಲ್ಲಿ ಐರ್ಲೆಂಡಿನಿಂದ ಹೊರಗೆ ಹೋಗಿದ್ದಿರಾ?”

“ಇಲ್ಲ.”

ಅಷ್ಟೇ. ಆ ‘ಇಲ್ಲ’ ಬಂದದ್ದು ಸ್ವಲ್ಪ ಬೇಗ ಎನಿಸಿತು ನನಗೆ. ಇನ್ನೊಂದು ವಿಷಯವೂ ಚುಚ್ಚಿತು. ಅವರ ಕುತ್ತಿಗೆಯಿಂದ ತೆಗೆದಿಟ್ಟಿದ್ದ ಕೆಲಸದ ಕಾರ್ಡಿನ ಫೋಟೊದಲ್ಲಿ ಒತ್ತಾದ ಕೂದಲು. ಹಾಸಿಗೆಯಲ್ಲಿದ್ದವರ ತಲೆ ಬೋಳು, ಮೇಲೆ ಆಗಷ್ಟೇ ಚಿಗುರಿದ ಕುರುಚಲು ಕೂದಲು. ಇವರೇ ಅವರಾ? ನಾಚಿಕೆಯಿಲ್ಲದೆ ಹುಟ್ಟಿದ ದಿನಾಂಕವನ್ನು ಎರಡು ಸಲ ಕೇಳಿದೆ. ಎರಡು ಸಲವೂ ಒಂದೇ ಹೇಳಿದರು, ಎರಡನೆಯ ಸಲ ಸಿಟ್ಟಿನಿಂದ.

ಸ್ವಾಬ್ ನೆಗೆಟಿವ್ ಬಂತು. ಆಗ ನೆಗೆಟಿವ್ ಬಂದರೂ ಯಾರೂ ನಂಬುತ್ತಿರಲಿಲ್ಲ. ಸರಿಯಾಗಿ ತೆಗೆದಿಲ್ಲ, ಇನ್ನೊಂದು ತೆಗೆಯಿರಿ ಎನ್ನುವುದು ವಾಡಿಕೆ. ಇನ್ನೊಂದೂ ನೆಗೆಟಿವ್. ಎದೆಯ ಎಕ್ಸ್‌ರೇ ಸ್ವಲ್ಪ ಮಸುಕು. ಆಕ್ಸಿಜನ್ ಸ್ವಲ್ಪ ಕಡಿಮೆ. ಕನ್ಸಲ್ಟೆಂಟ್ ಬಂದು ಬಾಗಿಲಿನ ಗಾಜಿನಿಂದಲೇ ನೋಡಿ, “ಕೋವಿಡ್ಡೇ. ಸ್ಟಿರಾಯ್ಡ್ ಶುರುಮಾಡು. ಗ್ರ್ಯಾಂಡ್” ಎಂದು ಹೋದರು. ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಭರ್ಜರಿ ಎಂದಲ್ಲ. ಆಯ್ತು, ಬಿಡು, ಮುಂದಿನವರನ್ನು ನೋಡೋಣ ಎಂದು ಅರ್ಥ.

ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆ ದಿನ ಅವರಿಗೆ ಗಾಜಿನಿಂದ ನೋಡಬೇಕಾದ ಬಾಗಿಲುಗಳು ಬಹಳ ಇದ್ದವು.

ಮಾರನೆಯ ಬೆಳಿಗ್ಗೆ ಗೌನು, ಎರಡು ಜೊತೆ ಗ್ಲೌಸು, ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ಕಿನ ಪರದೆ ಎಲ್ಲ ಏರಿಸಿಕೊಂಡು ಒಳಗೆ ಹೋದೆ. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಬಿಳಿಯಲ್ಲಿ ಹಳದಿ. ರಕ್ತದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಬಿದ್ದುಹೋಗಿದೆ. ಕಿಡ್ನಿಯೂ ಗೊಣಗಲು ಶುರುಮಾಡಿದೆ. ನಾನು ಡಾಕ್ಟರಿಕೆ ಓದಿದ್ದು ಮಂಗಳೂರಿನಲ್ಲಿ. ಅಲ್ಲಿ ಮಳೆಗಾಲದ ವಾರ್ಡುಗಳಲ್ಲಿ ಈ ಮುಖವನ್ನು ಎಷ್ಟು ಸಲ ನೋಡಿದ್ದೇನೋ. ಜ್ವರ ಎಂದು ಬಂದವರಿಗೆ ಮೊದಲು ಮಲೇರಿಯಾ ನೋಡು, ಆಮೇಲೆ ಹೆಸರು ಕೇಳು ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಆದರೆ ಐರ್ಲೆಂಡಿನಿಂದ ಹೊರಗೇ ಹೋಗದವರಿಗೆ ಮಲೇರಿಯಾ ಎಲ್ಲಿಂದ ಬರುತ್ತದೆ?

“ಹದಿನಾಲ್ಕು ದಿನ ಬಿಡಿ,” ಎಂದೆ. “ಅದಕ್ಕೂ ಮೊದಲು? ಈ ವರ್ಷ ಎಲ್ಲಿಗಾದರೂ ಹೋಗಿದ್ದಿರಾ?”

ಅವರು ನನ್ನನ್ನೇ ನೋಡಿದರು. ನನ್ನ ಮುಖದಲ್ಲಿ ಅವರಿಗೆ ಕಾಣುತ್ತಿದ್ದುದು ಕಣ್ಣು ಮಾತ್ರ.

“ನೀವು ಕೇಳಿದ್ದು ಹದಿನಾಲ್ಕು ದಿನದ್ದು.”

“ಈಗ ಬೇರೆ ಕೇಳುತ್ತಿದ್ದೇನೆ.”

“ನೈರೋಬಿ. ಅಪ್ಪನಿಗೆ ಹುಷಾರಿರಲಿಲ್ಲ. ಬಂದಮೇಲೆ ಮನೆಯಲ್ಲೇ ಕ್ವಾರಂಟೈನ್ ಮಾಡಿದೆ, ಟೆಸ್ಟೂ ಮಾಡಿಸಿದೆ. ಎಲ್ಲ ಕಾನೂನಿನ ಪ್ರಕಾರ. ಇದನ್ನೆಲ್ಲ ನೀವು ಯಾರಿಗೆ ಹೇಳುತ್ತೀರಿ?”

ಯಾರಿಗೂ ಇಲ್ಲ ಎಂದೆ. ಅವರು ನಂಬಲಿಲ್ಲ. ನಾನೂ ಅವರನ್ನು ನಂಬಲಿಲ್ಲ. ನೈರೋಬಿಗೆ ಹೋದವರು ಅಲ್ಲೇ ಇದ್ದು ಬರುತ್ತಾರಾ? ನನ್ನ ಹಾಳೆ ನನ್ನ ತಲೆಯಲ್ಲಿತ್ತು. ಒಂದೊಂದಾಗಿ ಕೇಳಿದೆ. ಮೊಂಬಾಸಾ? ಇಲ್ಲ. ಸಮುದ್ರದ ಕಡೆ ಎಲ್ಲಾದರೂ? ಇಲ್ಲ. ಪ್ರಾಣಿ ನೋಡಲು ಯಾವುದಾದರೂ ಪಾರ್ಕಿಗೆ? ಅವರಿಗೆ ನಗು ಬಂದು, ಅದು ಕೆಮ್ಮಾಯಿತು.

“ಡಾಕ್ಟರ್, ಸಿಂಹ ನೋಡಲು ಹೋಗುವುದು ಐರಿಷರು. ನಾನು ಎಲ್ಲೂ ಹೋಗಿಲ್ಲ. ನೈರೋಬಿಯಲ್ಲಿ ತಮ್ಮನ ಹೌಸಿನಲ್ಲಿದ್ದೆ. ಜಸ್ಟ್ ವೆಂಟ್ ಹೋಮ್, ಅಷ್ಟೇ.”

ಹೋಮ್‌ಗೆ ಹೋಗಿದ್ದೆ ಎಂದರು. ನಾನು ನೈರೋಬಿ ಎಂದು ಬರೆದುಕೊಂಡೆ.

ಅವರ ಹೆಂಡತಿಗೆ ಫೋನ್ ಮಾಡಿದೆ. ಆಕೆ ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದರು. ಗಂಡ ಎಲ್ಲೆಲ್ಲಿಗೆ ಹೋಗಿದ್ದರು ಎಂದು ಕೇಳಿದ್ದೇ ತಡ, ದನಿ ಗಟ್ಟಿಯಾಯಿತು.

“ನೈರೋಬಿ. ನೀವು ಆಸ್ಪತ್ರೆಯವರಾ, ಗಾರ್ಡಾದವರಾ?” ಗಾರ್ಡಾ ಎಂದರೆ ಇಲ್ಲಿನ ಪೊಲೀಸು.

“ಡಾಕ್ಟರ್ ನಾನು. ಅವರಿಗೆ ಸೀರಿಯಸ್ ಆಗಿದೆ.”

“ನೈರೋಬಿ,” ಎಂದು ಮತ್ತೊಮ್ಮೆ ಹೇಳಿ ಇಟ್ಟುಬಿಟ್ಟರು.

ಕನ್ಸಲ್ಟೆಂಟ್ ಹತ್ತಿರ ಓಡಿದೆ. ಆಫ್ರಿಕಾಕ್ಕೆ ಹೋಗಿದ್ದರು ಎಂದು ತಿಳಿದ ಮೇಲೆ ಅವರೂ ತಕ್ಷಣ, “ಫಿಲ್ಮ್ ಕಳಿಸು” ಎಂದರು. ಗಾಜಿನ ಮೇಲೆ ರಕ್ತ ಬಳಿದು, ಬಣ್ಣ ಹಾಕಿ, ಮೈಕ್ರೊಸ್ಕೋಪಿನಲ್ಲಿ ಮಲೇರಿಯಾದ ಹುಳ ಹುಡುಕುವ ಪರೀಕ್ಷೆ ಅದು. ಕ್ಷಣದಲ್ಲಿ ಉತ್ತರ ಹೇಳುವ ಕಿಟ್ಟುಗಳೂ ಇವೆ, ಆದರೆ ಟ್ರಾವೆಲ್ ಕ್ಲಿನಿಕ್ ಮುಚ್ಚಿದ ಮೇಲೆ ಯಾರೂ ತರಿಸಿರಲಿಲ್ಲ.

ಲ್ಯಾಬಿನಲ್ಲಿ ಫಿಲ್ಮ್ ನೋಡುತ್ತಿದ್ದವಳು ನನ್ನ ಗೆಳತಿ, ಬೆಂಗಳೂರಿನ ಬಸವನಗುಡಿಯವಳು. ಇಡೀ ಆಸ್ಪತ್ರೆಯಲ್ಲಿ ನಾನು ಕನ್ನಡದಲ್ಲಿ ಜಗಳ ಆಡಬಹುದಾದ ಒಬ್ಬಳೇ ಒಬ್ಬಳು. ಮಧ್ಯಾಹ್ನ ಅವಳ ಫೋನು ಬಂತು.

“ಏನಿಲ್ಲ ಕಣೇ. ಕಣ್ಣು ಕಿತ್ತೋಗೋ ಥರ ನೋಡ್ದೆ. ನೆಗೆಟಿವ್.”

“ಇನ್ನೊಂದ್ಸಲ ಕಳಿಸ್ತೀನಿ. ಒಂದು ಫಿಲ್ಮ್ ನೆಗೆಟಿವ್ ಬಂದ್ರೆ ಆಗಲ್ಲ, ಮೂರು ನೋಡ್ಬೇಕು.”

“ಗೊತ್ತು ಮಾರಾಯ್ತಿ, ನಂಗೆ ಪಾಠ ಮಾಡ್ಬೇಡ. ನಾವಿರೋದೇ ಇಬ್ರು ಇವತ್ತು, ಉಳಿದೋರೆಲ್ಲ ಐಸೋಲೇಶನ್. ನಿನ್ ಬಾಸ್ ಹತ್ರ ಸೈನ್ ಮಾಡಿಸ್ಕೊಂಡು ಕಳ್ಸು, ನೋಡ್ತೀನಿ. ನಿಂಗೆ ಎಲ್ಲರ ಮೇಲೂ ಡೌಟೇ ಅಲ್ವೇನೇ? ಈಗ ನನ್ ಮೇಲೂ.”

ಬಾಸ್ ಸೈನ್ ಮಾಡಲಿಲ್ಲ. ಕೋಪದಿಂದಲ್ಲ. ನನ್ನನ್ನು ಮೆಲ್ಲಗೆ ತಮ್ಮ ಕೋಣೆಗೆ ಕರೆದು ಗೋಡೆಯ ಹಾಳೆಯ ಮೇಲೆ ಬೆರಳಿಟ್ಟರು.

“ಇದು ಯಾರು ಬರೆದದ್ದು?”

“ನಾನೇ.”

“ನೈರೋಬಿ ಯಾವ ಬಣ್ಣ?”

“ಹಸಿರು.”

“ಫಿಲ್ಮ್?”

“ನೆಗೆಟಿವ್.”

“ಕೋವಿಡ್‌ನಲ್ಲೂ ಪ್ಲೇಟ್‌ಲೆಟ್ ಬೀಳುತ್ತೆ, ಲಿವರ್ ಕೆಡುತ್ತೆ. ಇಡೀ ದೇಶದಲ್ಲಿ ಇರುವುದು ಒಂದೇ ಕಾಯಿಲೆ ಈಗ. ಲ್ಯಾಬಿನವರು ಸಾಯುತ್ತಿದ್ದಾರೆ, ಅವರಿಗೆ ಇನ್ನಷ್ಟು ಹೊರಿಸಬೇಡ. ಉಸಿರಾಟ ಕೆಟ್ಟರೆ ಐಸಿಯುಗೆ ಕಳಿಸಿ ವೆಂಟಿಲೇಟರ್ ಹಾಕಿಸೋಣ.”

ನನ್ನದೇ ಹಾಳೆ ನನ್ನ ಬಾಯಿ ಮುಚ್ಚಿಸಿತು. ಕೋವಿಡ್ ಎಂದುಕೊಂಡು ನಾವು ಕೊಡುತ್ತಿದ್ದುದು ಸ್ಟಿರಾಯ್ಡ್. ಮಲೇರಿಯಾಗೆ ಅದು ಕೇಡೇ. ಕಾಯಿಲೆ ನಿಜಕ್ಕೂ ಮಲೇರಿಯಾ ಆಗಿದ್ದು ಮಿದುಳಿಗೆ ಏರಿದರೆ, ನಾವು ಕಾಯುವ ಒಂದೊಂದು ಗಂಟೆಯೂ ಆ ಮನುಷ್ಯನ ಜೀವಕ್ಕೆ ಸಂಚಕಾರ. ಸಂಜೆಯ ರೌಂಡಿಗೆ ಹೋದಾಗ ಅವರು ನರ್ಸಿಗೆ, ಮುಂದಿನ ಸ್ಟಾಪ್ ಯಾವುದು ಎಂದು ಕೇಳುತ್ತಿದ್ದರು. ತಲೆ ತಪ್ಪಲು ಶುರುವಾಗಿತ್ತು. ನನಗೆ ಹೆದರಿಕೆಯಾಯಿತು.

ಮನೆಗೆ ಬಂದು, ಹಿಂಬಾಗಿಲಿನಿಂದ ಒಳಗೆ ಹೋಗಿ, ಬಟ್ಟೆ ಎಲ್ಲ ಬಿಚ್ಚಿ ಮೆಶೀನಿಗೆ ಹಾಕಿ, ಸ್ನಾನ ಮಾಡಿಯೇ ಅಡುಗೆಮನೆಗೆ ಬಂದೆ. ಆಗ ಎಲ್ಲರ ಮನೆಯಲ್ಲೂ ಇದೇ ಮಡಿ. ಗಂಡ ಲ್ಯಾಪ್‌ಟಾಪಿನ ಒಂದು ಕಡೆ ಆಫೀಸು, ಇನ್ನೊಂದು ಕಡೆ ಅನ್ನದ ಕುಕ್ಕರು ನೋಡಿಕೊಳ್ಳುತ್ತಿದ್ದ. ಮಗಳು ಸ್ಕೂಲಿನ ಪ್ರಾಜೆಕ್ಟು ಮಾಡುತ್ತಿದ್ದಳು, ಪ್ರಪಂಚದ ನಕ್ಷೆಯ ಮೇಲೆ ನಮ್ಮ ಮನೆಯವರು ಎಲ್ಲಿಯವರು ಎಂದು ಚುಕ್ಕಿ ಇಡುವ ಕೆಲಸ. ಅವಳು ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಐರಿಷ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

“ಮೈಸೂರಿಗೆ ಚುಕ್ಕಿ ಇಡು ಪುಟ್ಟಿ,” ಎಂದ ಗಂಡ.

“ಮೈಸೂರ್ಯಾಕೆ? ನಮ್ಮೂರು ಟಿ. ನರಸೀಪುರದ ಹತ್ರ,” ಎಂದೆ ನಾನು, ಒಲೆಯ ಹತ್ತಿರ ಸಾರು ತಿರುಗಿಸುತ್ತ.

“ಬಟ್ ಅಮ್ಮಾ, ಯೂ ಲಿವ್ಡ್ ಇನ್ ಮೈಸೂರ್! ಯುವರ್ ಹೌಸ್ ವಾಸ್ ದೇರ್!”

“ಮನೆ ಇದ್ದಿದ್ದು ಮೈಸೂರಲ್ಲಿ ಕಣೇ. ಊರು ಅಂದ್ರೆ ಅದಲ್ಲ. ತಾತ, ಮುತ್ತಾತ ಎಲ್ಲ ಇದ್ರಲ್ಲ, ಅದು ಊರು. ಹಬ್ಬ ಆದ್ರೆ, ಯಾರಾದ್ರೂ ಸತ್ರೆ ಹೋಗ್ತೀವಲ್ಲ, ಅದು.”

ಹೇಳಿ ಮುಗಿಸಿ ಹಾಗೇ ನಿಂತೆ. ಕೈಯಲ್ಲಿದ್ದ ಸೌಟು ಕೈಯಲ್ಲೇ ಇತ್ತು. ತಮ್ಮನ ಹೌಸಿನಲ್ಲಿದ್ದೆ, ಹೋಮ್‌ಗೆ ಹೋಗಿದ್ದೆ. ಹೌಸು ಒಂದು, ಹೋಮ್ ಒಂದು. ಬೆಂಗಳೂರಿನಲ್ಲಿರುವ ಯಾರಾದರೂ ‘ಊರಿಗೆ ಹೋಗಿದ್ದೆ’ ಎಂದರೆ ಬೆಂಗಳೂರು ಎಂದು ಬರೆದುಕೊಳ್ಳುತ್ತಿದ್ದೆನೇ ನಾನು? ಥೂ, ನನ್ನ ಬುದ್ಧಿಗಿಷ್ಟು! ಇನ್ನೊಂದು ಹೊಳೆಯಿತು. ಬೋಳಿಸಿದ ತಲೆ. ಅಪ್ಪನಿಗೆ ಹುಷಾರಿರಲಿಲ್ಲ ಎಂದವರ ತಲೆ ಬೋಳು! ನಮ್ಮ ಕಡೆಯವರಾಗಿದ್ದರೆ ಬಾಗಿಲಲ್ಲೇ ಅರ್ಥವಾಗುತ್ತಿತ್ತು, ಯಾರೋ ಹೋಗಿದ್ದಾರೆ ಎಂದು. ನಾನೇನು ಮಾಡಿದೆ? ಹುಟ್ಟಿದ ದಿನಾಂಕ ಕೇಳಿದೆ.

ವಾರ್ಡಿಗೆ ಫೋನ್ ಮಾಡಿದರೆ, ಈಗ ನಿದ್ದೆ ಮಾಡುತ್ತಿದ್ದಾರೆ, ಹಾಗೇ ಇದ್ದಾರೆ ಎಂದರು. ಮಾರನೆಯ ಬೆಳಿಗ್ಗೆ ಡ್ಯೂಟಿ ಶುರುವಾಗುವ ಮೊದಲೇ ಹೋಗಿ ಗೌನು ಏರಿಸಿದೆ. ಕನ್ಸಲ್ಟೆಂಟನ್ನು ಕೇಳಲಿಲ್ಲ. ಐಸಿಯುನವರು ಅಷ್ಟರಲ್ಲಿ ಬಂದು ನೋಡಿ, ಮಧ್ಯಾಹ್ನದೊಳಗೆ ಕರೆದುಕೊಂಡು ಹೋಗುತ್ತೇವೆ ಎಂದು ಬರೆದಿಟ್ಟಿದ್ದರು. ಅಲ್ಲಿ ಗಂಟಲಿಗೆ ನಳಿಗೆ ಹಾಕಿ ಮಲಗಿಸಿದ ಮೇಲೆ ಅವರ ಬಾಯಿಂದ ಒಂದು ಮಾತೂ ಬರುವಂತಿರಲಿಲ್ಲ. ಕೇಳುವುದಿದ್ದರೆ ಈಗಲೇ ಕೇಳಬೇಕಿತ್ತು.

ಕಣ್ಣು ಮುಚ್ಚಿದ್ದರು. ಹೆಸರು ಹಿಡಿದು ಕರೆದೆ. ತೆರೆದರು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಪ್ರಜ್ಞೆ ಸ್ವಲ್ಪ ತಿಳಿಯಾಗಿತ್ತು.

“ನಿಮ್ಮ ನೇಟಿವ್ ಯಾವುದು?” ಎಂದೆ.

ಪಕ್ಕದಲ್ಲಿ ಡ್ರಿಪ್ ಬದಲಿಸುತ್ತಿದ್ದ ಐರಿಷ್ ನರ್ಸ್ ಗಕ್ಕನೆ ನನ್ನ ಕಡೆ ತಿರುಗಿದಳು. ಪರದೆಯ ಒಳಗೆ ಅವಳ ಕಣ್ಣು ಇಷ್ಟಗಲ ಆದವು. ‘ನೇಟಿವ್’ ಎಂಬ ಪದವನ್ನು ಈ ದೇಶದಲ್ಲಿ ಹಾಗೆ ಬಳಸಬಾರದೆಂದು ನಾನು ಬಂದ ಮೊದಲ ವರ್ಷವೇ ಒಬ್ಬರು ತಿಳಿಹೇಳಿದ್ದರು. ಬಿಳಿಯರು ಹಿಂದೆ ತಾವು ಆಳಿದವರನ್ನು ಕೀಳಾಗಿ ಕರೆಯುತ್ತಿದ್ದ ಪದವಂತೆ ಅದು, ಅದರಲ್ಲೂ ಆಫ್ರಿಕಾದವರನ್ನು. ಬೇಕೆಂದೇ ಕೇಳಿದೆ. ನಮ್ಮ ಊರು ಎಂಬುದಕ್ಕೆ ನನಗೆ ಇಂಗ್ಲಿಷಿನಲ್ಲಿ ಗೊತ್ತಿದ್ದುದು ಅದೊಂದೇ.

ಒಣಗಿದ ತುಟಿ ಸ್ವಲ್ಪ ಅಗಲವಾಯಿತು.

“ನೇಟಿವ್ ಪ್ಲೇಸ್,” ಎಂದರು. “ನಮ್ಮ ಕಡೆ ಅಂಗಡಿ ಇಟ್ಟಿದ್ದ ಇಂಡಿಯನ್ ಮುದುಕ ಹೀಗೇ ಕೇಳುತ್ತಿದ್ದ. ಕಿಸುಮುವಿನಲ್ಲಿ. ಯಾರು ಹೋದರೂ ಮೊದಲು ಅದು, ಆಮೇಲೆ ಸಕ್ಕರೆ.”

ಕಿಸುಮು ಇರುವುದು ಸರೋವರದ ದಂಡೆಯಲ್ಲಿ. ನನ್ನ ಹಾಳೆಯ ಕೆಂಪು ಜಾಗ. ಪ್ರವಾಸಿಗಳು ಹೋಗುವುದು ಕಡಿಮೆ.

“ನಿಮ್ಮ ತಂದೆ ತೀರಿಕೊಂಡರು, ಅಲ್ಲವಾ? ಊರಿಗೆ ಹೋಗಿ ಮಣ್ಣು ಮಾಡಿ ಬಂದಿರಿ.”

ಆ ಮುಖದಲ್ಲಿ ಮೊದಲು ಬಂದದ್ದು ಭಯ. ನೋಡಿ ನನಗೇ ಸಂಕಟವಾಯಿತು. ನರ್ಸಿನ ಕಡೆ ನೋಡಿದರು, ಬಾಗಿಲಿನ ಕಡೆ ನೋಡಿದರು.

“ನಿಮಗೆ ಯಾರು ಹೇಳಿದರು? ನನ್ನ ಹೆಂಡತಿ ಹೇಳಿದಳಾ?”

“ಯಾರೂ ಹೇಳಲಿಲ್ಲ. ನಾನು ಪೊಲೀಸಲ್ಲ. ಆ ದೇವರಾಣೆ ಯಾರಿಗೂ ಬರೆದು ಕಳಿಸುವುದಿಲ್ಲ. ನೀವು ಹೇಳದಿದ್ದರೆ ನನಗೆ ನಿಮ್ಮನ್ನು ಉಳಿಸಿಕೊಳ್ಳಲು ಆಗುವುದಿಲ್ಲ, ಅಷ್ಟೇ.”

ತುಂಡು ತುಂಡಾಗಿ ಹೇಳಿದರು. ಅಪ್ಪ ನೈರೋಬಿಯ ಆಸ್ಪತ್ರೆಯಲ್ಲಿದ್ದದ್ದು ನಿಜ. ಅಲ್ಲೇ ತೀರಿಕೊಂಡರು. ಆ ವಾರವೇ ಸರ್ಕಾರ ನೈರೋಬಿಯನ್ನೂ ಸುತ್ತಲಿನ ಜಿಲ್ಲೆಗಳನ್ನೂ ಮುಚ್ಚಿ, ಒಳಗಿನವರು ಹೊರಗೆ ಹೋಗುವಂತಿಲ್ಲ ಎಂದಿತು. ಹೆಣ ಸಾಗಿಸಲು ಕೆಲವರಿಗೆ ಮಾತ್ರ ಪರವಾನಗಿ ಸಿಕ್ಕಿತು. ಹೊರದೇಶದಿಂದ ಬಂದವನೆಂದು ಹಿರಿಮಗನಾದ ಇವರಿಗೇ ಸಿಗಲಿಲ್ಲ. ಸರೋವರದಿಂದ ನೈರೋಬಿಗೆ ಮೀನು ತಂದು ಖಾಲಿ ಹೋಗುವ ಲಾರಿಗಳಿಗೆ ತಡೆಯಿರಲಿಲ್ಲ. ಅಂಥ ಒಂದು ಲಾರಿಯಲ್ಲಿ, ಖಾಲಿ ಮೀನಿನ ಪೆಟ್ಟಿಗೆಗಳ ನಡುವೆ ಕೂತು ಹೋದರು. ಮಣ್ಣಾದ ಮೇಲೂ ಕೆಲವು ರಾತ್ರಿ ಗೋರಿಯ ಹತ್ತಿರವೇ, ಬಯಲಿನಲ್ಲೇ ಮಲಗಿದರು. ಮಳೆ ಶುರುವಾಗಿತ್ತು. ಸೊಳ್ಳೆ ಇತ್ತಾ ಎಂದು ನಾನು ಕೇಳಿದ್ದಕ್ಕೆ, ಇದೂ ಒಂದು ಪ್ರಶ್ನೆಯಾ ಎನ್ನುವ ಹಾಗೆ ನೋಡಿದರು. ವಾಪಸು ಬಂದಾಗ ಇಲ್ಲಿನ ಅಧಿಕಾರಿಗಳಿಗೂ ಕೆಲಸದ ಕಡೆಯೂ ನೈರೋಬಿ ಬಿಟ್ಟು ಎಲ್ಲೂ ಹೋಗಿಲ್ಲ ಎಂದಿದ್ದರು. ಈಗ ಬೇರೆ ಹೇಳಿದರೆ ಬಸ್ಸೂ ಹೋಗುತ್ತದೆ, ಹೆಂಡತಿಯ ಕೆಲಸವೂ ಹೋಗುತ್ತದೆ ಎಂದು ಗಂಡಹೆಂಡತಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಸೂಜಿ ಚುಚ್ಚಿ ರಕ್ತ ತೆಗೆದೆ. ಕಾಗದಕ್ಕೆ ನಾನೇ ಸೈನ್ ಹಾಕಿದೆ, ಯಾರ ಅಪ್ಪಣೆಯೂ ಇಲ್ಲದೆ. ಸ್ಟಿರಾಯ್ಡ್ ನಿಲ್ಲಿಸಿ ಎಂದು ನರ್ಸಿಗೆ ಹೇಳಿದೆ. ಗೌನು ಕಿತ್ತೆಸೆದು ಟ್ಯೂಬನ್ನು ನಾನೇ ಹಿಡಿದುಕೊಂಡು ಲ್ಯಾಬಿಗೆ ಓಡಿದೆ. ಗೆಳತಿ ಕಿಟಕಿಯಲ್ಲಿ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು.

“ಬಂದ್ಯಾ? ಬಾಸ್ ಸೈನ್ ಎಲ್ಲೇ?”

“ಆಮೇಲೆ ಬೈಯಿ. ಈಗ ನೋಡು, ನಿನ್ ಕಾಲಿಗ್ ಬೀಳ್ತೀನಿ. ಅವ್ರು ನೈರೋಬಿಲಿ ಇರ್ಲಿಲ್ಲ. ಊರಿಗ್ ಹೋಗಿದ್ರು.”

ಅವಳು ಟ್ಯೂಬು ಕಸಿದುಕೊಂಡಳು. ಬಸವನಗುಡಿಯವಳಿಗೆ ‘ಊರಿಗೆ ಹೋಗಿದ್ದರು’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕನ್ಸಲ್ಟೆಂಟ್ ಕೋಣೆಗೆ ಹೋಗಿ, ಮಾಡಿದ್ದನ್ನೆಲ್ಲ ಹೇಳಿದೆ. ಲಾರಿಯ ವಿಷಯ ಬಿಟ್ಟು. ಅವರು ಕೇಳಿಸಿಕೊಂಡರು, ಕೆಂಪಾದರು, ನನ್ನ ಪೇಷೆಂಟಿನ ಔಷಧಿ ನನ್ನನ್ನು ಕೇಳದೆ ನಿಲ್ಲಿಸುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ಶುರುಮಾಡಿದರು. ಅಷ್ಟರಲ್ಲಿ ನನ್ನ ಫೋನು.

“ಉಂಗುರ ಕಣೇ! ಎಲ್ಲಿ ನೋಡಿದ್ರೂ ಉಂಗುರ! ಫಾಲ್ಸಿಪಾರಮ್. ಸಿಕ್ಕಾಪಟ್ಟೆ ಐತೆ.” ತಡೆಯದೆ ಮುಂದುವರಿಸಿದಳು. “ನಿನ್ನೆ ಸ್ಲೈಡ್ ಮತ್ತೆ ತೆಗ್ದು ನೋಡ್ದೆ. ನಿಜವಾಗ್ಲೂ ಅದ್ರಲ್ಲಿ ಒಂದೂ ಇಲ್ಲ. ಆಣೆ.”

ಇರಲಿಲ್ಲವೆಂದರೆ ಇರಲಿಲ್ಲ. ಮೈಕ್ರೊಸ್ಕೋಪಿನಲ್ಲಿ ಉಂಗುರದ ಹಾಗೆ ಕಾಣುವ ಈ ಫಾಲ್ಸಿಪಾರಮ್, ಮಲೇರಿಯಾದ ಹುಳಗಳಲ್ಲೇ ಅತಿ ಅಪಾಯದ್ದು, ಕೆಲವು ಹೊತ್ತು ಒಳಗಿನ ಅಂಗಗಳ ಸಣ್ಣ ರಕ್ತನಾಳಗಳಲ್ಲಿ ಅವಿತಿರುತ್ತದೆ, ಕೈಯಿಂದ ತೆಗೆದ ರಕ್ತದಲ್ಲಿ ಸಿಗುವುದೇ ಇಲ್ಲ. ಅದಕ್ಕೇ ಮೂರು ಸಲ ನೋಡು ಎನ್ನುವುದು. ಫೋನಿನಿಂದ ಹೊರಗೆ ಬಂದ ಕನ್ನಡದಲ್ಲಿ ಕನ್ಸಲ್ಟೆಂಟ್‌ಗೆ ಅರ್ಥವಾದದ್ದು ‘ಫಾಲ್ಸಿಪಾರಮ್’ ಎಂಬ ಒಂದೇ ಪದ. ಅವರು ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ನಿಂತರು. ಆಮೇಲೆ ಆ ಮನುಷ್ಯ ಮಾಡಿದ ಕೆಲಸ ನೋಡಬೇಕಿತ್ತು! ಬೇಕಾದ ಇಂಜೆಕ್ಷನ್ ನಮ್ಮಲ್ಲಿ ಇರಲಿಲ್ಲ. ಕಾರ್ಕ್‌ಗೆ ಫೋನ್ ಮಾಡಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಹೊರಡಿಸಿ, ಅದು ಬರುವ ತನಕ ಕೊಡಲು ನಮ್ಮ ಫಾರ್ಮಸಿಯ ಮೂಲೆಯಿಂದ ಕ್ವಿನೈನ್ ಹುಡುಕಿಸಿದರು. ಇಡೀ ದೇಶದಲ್ಲಿ ಒಂದೇ ಕಾಯಿಲೆ ಎಂದಿದ್ದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನ್ನುವ ಅರ್ಥದ್ದೇನೋ ಗೊಣಗಿಕೊಂಡರು.

ಆ ಟ್ಯಾಕ್ಸಿಗಾಗಿ ಎಷ್ಟು ಸಲ ಗೇಟಿನವರೆಗೆ ಹೋಗಿ ನೋಡಿ ಬಂದೆನೋ. ಖಾಲಿ ರಸ್ತೆ, ಲಾಕ್‌ಡೌನ್, ಆದರೂ ಬರುವುದೇ ಇಲ್ಲ. ದಾರಿಯಲ್ಲಿ ಗಾರ್ಡಾ ತಡೆದಿದ್ದರಂತೆ, ಎಲ್ಲಿಗೆ, ಯಾಕೆ ಎಂದು. ಟ್ಯಾಕ್ಸಿಯವನ ಮಾತನ್ನು ಅವರೂ ನಂಬಿರಲಿಲ್ಲ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಕಿಡ್ನಿ ಮುಷ್ಕರ ಹೂಡಿ, ಕೆಲವು ದಿನ ಡಯಾಲಿಸಿಸ್ ಆಯಿತು. ವೆಂಟಿಲೇಟರ್ ಬೇಕಾಗಲಿಲ್ಲ. ಹುಳದ ಲೆಕ್ಕ ಇಳಿಯುತ್ತ ಹೋಯಿತು, ಗೆಳತಿ ದಿನವೂ ಫೋನ್ ಮಾಡಿ ಕ್ರಿಕೆಟ್ ಸ್ಕೋರಿನಂತೆ ಹೇಳುತ್ತಿದ್ದಳು. ಒಂದು ದಿನ ಸೊನ್ನೆ ಎಂದಳು. ಇಬ್ಬರೂ ಫೋನಿನಲ್ಲೇ ಅತ್ತೆವು, ಆಮೇಲೆ ಯಾರು ಮೊದಲು ಅತ್ತದ್ದೆಂದು ಜಗಳವಾಡಿದೆವು. ಕಾಯಿಲೆಯ ದಾಖಲೆಯಲ್ಲಿ ನಾನು ‘ಪಶ್ಚಿಮ ಕೀನ್ಯಾ, ಸರೋವರದ ಪ್ರದೇಶ’ ಎಂದಷ್ಟೇ ಬರೆದೆ. ಹೇಗೆ ಹೋದರು ಎಂಬುದು ಯಾವ ಡಾಕ್ಟರಿಗೂ ಬೇಕಾದ ವಿಷಯವಲ್ಲ.

ಬಿಡುಗಡೆಯ ಹಿಂದಿನ ದಿನ ಕೆಳಗಿನ ಮಹಡಿಯ ವಾರ್ಡಿಗೆ ಹೋದೆ. ಕಿಟಕಿಯ ಹತ್ತಿರದ ಹಾಸಿಗೆ. ಬ್ರೆಡ್ಡು ತಿನ್ನುತ್ತ ಕೂತಿದ್ದರು. ಕೂದಲು ಇನ್ನಷ್ಟು ಬೆಳೆದಿತ್ತು. ಸಾದಾ ಮಾಸ್ಕಿನಲ್ಲಿದ್ದ ನನ್ನನ್ನು ಗುರುತು ಹಿಡಿಯಲಿಲ್ಲ. ನೇಟಿವ್ ಎಂದೆ, ಹಿಡಿದರು.

“ಒಂದು ಕೇಳಬೇಕಿತ್ತು,” ಎಂದರು. “ಅಪ್ಪ ಹೋದದ್ದು ನಿಮಗೆ ಗೊತ್ತಾದದ್ದು ಹೇಗೆ? ನನ್ನ ಹೆಂಡತಿ ಇನ್ನೂ ನಂಬುತ್ತಿಲ್ಲ. ಯಾರೋ ಹೇಳಿರಬೇಕು ಅನ್ನುತ್ತಾಳೆ.”

ನನಗೆ ಸ್ವಲ್ಪ ಜಂಬ ಬಂತು, ಬರದೆ ಇರುತ್ತದೆಯೇ? ಅವರ ತಲೆಯ ಕಡೆ ಬೆರಳು ತೋರಿಸಿದೆ. ನಮ್ಮಲ್ಲಿ ಅಪ್ಪ ಹೋದರೆ ಮಗ ತಲೆ ಬೋಳಿಸುತ್ತಾನೆ, ನಿಮ್ಮ ತಲೆ ನೋಡಿ ಗೊತ್ತಾಯಿತು ಎಂದೆ.

ಅವರು ತಲೆ ಸವರಿಕೊಂಡರು. ನಗಲು ಶುರುಮಾಡಿದರು. ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ನಕ್ಕರು.

“ಡಾಕ್ಟರ್, ಇಲ್ಲಿ ಕ್ಷೌರದ ಅಂಗಡಿ ಎಲ್ಲಾದರೂ ತೆರೆದಿದೆಯಾ? ಕ್ವಾರಂಟೈನ್‌ನಲ್ಲಿ ನನ್ನ ಹೆಂಡತಿ ಆನ್‌ಲೈನಿನಲ್ಲಿ ಮೆಶೀನು ತರಿಸಿ ಕತ್ತರಿಸಲು ಹೋದಳು. ಒಂದು ಕಡೆ ಕೆಡಿಸಿದಳು. ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸಿದಳು. ಕೊನೆಗೆ ಎಲ್ಲ ತೆಗೆದುಬಿಟ್ಟಳು.”

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮಾಸ್ಕು ಇತ್ತು, ಕಾಣಲಿಲ್ಲ. ಅವರ ನಗು ನಿಧಾನಕ್ಕೆ ನಿಂತಿತು. ಕಿಟಕಿಯ ಕಡೆ ತಿರುಗಿದರು.

“ನಮ್ಮಲ್ಲೂ ಇತ್ತು ಅದು. ಹಿಂದೆ. ಮಣ್ಣಾದ ಮೇಲೆ ಮನೆಯವರೆಲ್ಲ ತಲೆ ಬೋಳಿಸುತ್ತಿದ್ದರು. ಈಗ ಬೇಡ, ನಾವು ಚರ್ಚಿನವರು ಎಂದರು ದೊಡ್ಡವರು. ಆಮೇಲೆ ನನಗೂ ವಾಪಸಿನ ಲಾರಿ ಹಿಡಿಯುವ ಅವಸರ. ಇಲ್ಲಿಗೆ ಬಂದು ಕನ್ನಡಿಯಲ್ಲಿ ಈ ತಲೆ ನೋಡಿಕೊಂಡಾಗ, ಅಪ್ಪ ತಾನೇ ಮಾಡಿಸಿಕೊಂಡ ಎನಿಸಿತು.” ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಮುರಿಯುತ್ತ ಹೇಳಿದರು. “ಅಪ್ಪ ಸತ್ತಿದ್ದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲಿ, ಯಾವಾಗ, ಹೇಗೆ ಹೋದೆ ಎಂದು ಕೇಳುತ್ತಾರಲ್ಲ. ಅದಕ್ಕೇ ಯಾರೂ ನನ್ನನ್ನು ಮಾತಾಡಿಸಲೂ ಇಲ್ಲ. ಮೊದಲು ಕೇಳಿದ್ದು ನೀವೇ.”

ನಾನು ಕೇಳಿದ್ದೇನೋ ನಿಜ. ಎಲ್ಲಿ ಹೋಗಿದ್ದಿರಿ, ಎಲ್ಲಿ ಮಲಗಿದಿರಿ, ಸೊಳ್ಳೆ ಇತ್ತಾ. ಎಲ್ಲ ಕೇಳಿ, ರಕ್ತ ತೆಗೆದುಕೊಂಡು ಓಡಿದ್ದೆ.

ಆ ಒಂದು ವರ್ಷದಲ್ಲಿ ನಾನು ಯಾವ ರೋಗಿಯ ಪಕ್ಕದಲ್ಲೂ ಕೂತಿರಲಿಲ್ಲ. ನಿಂತೇ ನೋಡಬೇಕು, ಬೇಗ ಹೊರಡಬೇಕು, ಹಾಸಿಗೆಯಿಂದ ದೂರ ಇರಬೇಕು, ಇದೇ ನಿಯಮ. ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಎಳೆದು ತಂದು ಅವರ ಪಕ್ಕ ಹಾಕಿಕೊಂಡು ಕೂತೆ. ಊರಿನಲ್ಲಿ ಸಾವಿನ ಮನೆಗೆ ಹೋದರೆ ನಾವು ಮಾಡುವುದು ಅಷ್ಟೇ ತಾನೇ? ಏನೂ ಹೇಳುವುದಿಲ್ಲ, ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ.

“ನಿಮ್ಮ ತಂದೆಯವರ ಹೆಸರೇನು?”

ಅವರು ಬ್ರೆಡ್ಡಿನ ತಟ್ಟೆ ಪಕ್ಕಕ್ಕಿಟ್ಟು, ಹೆಸರು ಹೇಳಿದರು.